ಹರ್ಡಲ್ ಎಂಬ ಮಾತು

ಪರಭಾಷೆಯ ಮಾತುಗಳು ನಮ್ಮ ಮನೆಗಳನ್ನು ಹೊಗುವ ರೀತಿ ವಿಚಿತ್ರವಾದುದು. ಕೆಲವು ಮಾತುಗಳು ವಸ್ತುವಿನ ಕೈಹಿಡಿದುಕೊಂಡು ಬರುತ್ತವೆ. ಬಸ್ಸು, ಸೈಕಲ್ಲು, ಪೆನ್ನು, ಫೋನು ಇವೆಲ್ಲ ಹಾಗೆ ಬಂದುವು. ವಸ್ತುವು ಕಣ್ಣೆದುರಿಗೇ ಇರುವುದರಿಂದ ಇವುಗಳ ಅರ್ಥದಲ್ಲಿ ಯಾರಿಗೂ ಸಂದೇಹವಿಲ್ಲ. ಅಕ್ಷರ ಬಾರದವರೂ ಇವನ್ನು ಸರಿಯಾಗಿಯೇ ಬಳಸುವರು. ಇನ್ನು ಕೆಲವು ಮಾತುಗಳು ತಮ್ಮ ವಸ್ತುವನ್ನು ಹುಟ್ಟಿದೂರಿನಲ್ಲಿಯೇ ಬಿಟ್ಟು ಒಂಟಿಯಾಗಿ ಬರುತ್ತವೆ. ಇವುಗಳ ಕುಲಗೋತ್ರವನ್ನು ನಾವು ವಿಚಾರಿಸುವುದಿಲ್ಲ. ಬಂದವರಿಗೆ ಮಣೆ ಹಾಕುವುದು ನಮ್ಮ ಪದ್ಧತಿಯಷ್ಟೆ. ಹಾಗೆಯೇ ಈ ಮಾತುಗಳಿಗೂ ಮಣೆ ಹಾಕಿ, ತೋಚಿದ ಕೆಲಸಕ್ಕೆ ಅವನ್ನು ಹಚ್ಚುತ್ತೇವೆ. 'ಹರ್ಡಲ್' ಎಂಬ ಇಂಗ್ಲಿಷ್ ಮಾತು ಈ ಎರಡನೆಯ ಗುಂಪಿಗೆ ಸೇರಿದುದು.

ಈಗಿನ ಕಾಲದಲ್ಲಿ ಈ ಮಾತು ದಿನಕ್ಕೆ ಒಂದು ಸಲವಾದರೂ ಕಿವಿಗೆ ಬೀಳದೆ ಇರುವುದಿಲ್ಲ. ಮನೆ ಕಟ್ಟಿಸಲು ಸಾಲಕ್ಕೆ ಅರ್ಜಿ ಹಾಕಿದವರು, ಕಾಗದಪತ್ರಗಳೆಲ್ಲ ಒಪ್ಪಿಗೆಯಾದ ಮೇಲೆ, "ಇನ್ನೊಂದೇ ಹರ್ಡಲ್ಲು ಉಳಿದಿದೆ" ಎನ್ನುವರು. ಮದುವೆಯ ಮಾತಿನಲ್ಲಿ ಜಾತಕ ಕೂಡಿಬಂದರೆ ಹೆಣ್ಣಿನ ತಂದೆ, "ದೊಡ್ಡ ಹರ್ಡಲ್ಲು ದಾಟಿದ ಹಾಗಾಯಿತು" ಎಂದು ನಿಟ್ಟುಸಿರುಬಿಡುವನು. ಮಗನ ಪರೀಕ್ಷೆ ಹರ್ಡಲ್ಲು. ಅತ್ತೆಯವರ ಶಸ್ತ್ರಚಿಕಿತ್ಸೆ ಹರ್ಡಲ್ಲು. ಪಕ್ಕದ ಮನೆಯವರೊಡನೆ ಎಲ್ಲೆಗೋಡೆಯ ಜಗಳವೂ ಹರ್ಡಲ್ಲೇ. ದೊಡ್ಡ ಕಷ್ಟ, ಚಿಕ್ಕ ಕಷ್ಟ, ಬಂದ ಕಷ್ಟ, ಬರಲಿರುವ ಕಷ್ಟ ಎಲ್ಲವೂ ಈ ಒಂದೇ ಮಾತಿನ ಚೀಲದಲ್ಲಿ ತುರುಕಿಸಿಕೊಂಡಿರುವುದನ್ನು ನೋಡಿದಾಗ, ಇದರ ಅರ್ಥವೇನು, ಎಲ್ಲಿ ಇದು ಸಲ್ಲುವುದು, ಎಲ್ಲಿ ಸಲ್ಲದು ಎಂದು ಸ್ವಲ್ಪ ನಿಧಾನಿಸಿ ನೋಡಬೇಕೆಂದು ನನಗೆ ತೋರಿತು. ನಾನು ಭಾಷಾಪಂಡಿತನಲ್ಲ, ಪಂಚಾಂಗದ ಪಕ್ಕದಲ್ಲಿ ನಿಘಂಟನ್ನೂ ಇಟ್ಟುಕೊಂಡಿರುವ ಒಬ್ಬ ಸಾಧಾರಣ ಗೃಹಸ್ಥ. ಆದರೆ ಈ ಒಂದು ಮಾತು ನಮ್ಮ ಬಂಧುಬಳಗದಲ್ಲಿ ಒಬ್ಬರಿಗೆ ಧೈರ್ಯವನ್ನೂ ಮತ್ತೊಬ್ಬರಿಗೆ ನೋವನ್ನೂ ಕೊಟ್ಟುದನ್ನು ಕಣ್ಣಾರೆ ಕಂಡಿರುವೆನಾದಕಾರಣ, ಇದರ ವಿಚಾರವನ್ನು ಪಂಡಿತರಿಗೆ ಬಿಟ್ಟು ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಮೊದಲಿಗೆ ನಮ್ಮ ಮನೆಯ ಉಗ್ರಾಣವನ್ನೇ ತೆರೆದು ನೋಡೋಣ. ದಾರಿಗೆ ಅಡ್ಡವಾಗುವುದಕ್ಕೆ ಕನ್ನಡದಲ್ಲಿ ಹೆಸರಿಲ್ಲವೆ? ಬೇಕಾದಷ್ಟಿವೆ, ಒಂದೊಂದೂ ಒಂದೊಂದು ಚಿತ್ರವನ್ನು ಹೊತ್ತುಕೊಂಡಿದೆ. 'ಅಡ್ಡಿ' ಎಂದರೆ ದಾರಿಗೆ ಅಡ್ಡಲಾಗಿ ಬಿದ್ದುದು. 'ತೊಡಕು' ಎಂದರೆ ನೂಲಿನ ಸಿಕ್ಕಿನಂತೆ ಕಾಲಿಗೋ ಕೈಗೋ ಸುತ್ತಿಕೊಂಡುದು; ಅದನ್ನು ದಾಟಲಾಗುವುದಿಲ್ಲ, ಬಿಡಿಸಬೇಕು. 'ಕಂಟಕ'ವೆಂದರೆ ಮುಳ್ಳು; ಅದನ್ನು ಕಿತ್ತೆಸೆಯಬೇಕು. 'ಅಂತರಾಯ'ವೆಂದರೆ ನಡುವೆ ಬಂದು ಸೇರಿದುದು. 'ವಿಘ್ನ'ವೆಂಬ ಮಾತಿನ ಒಳಗೆ 'ಹೊಡೆ' ಎಂಬರ್ಥದ ಸಂಸ್ಕೃತ ಧಾತುವಿದೆ. ಕೈಗೊಂಡ ಕಾರ್ಯವನ್ನು ಹೊಡೆದು ಕೆಡಹುವುದೇ ವಿಘ್ನ. ಅದಕ್ಕೆ ಒಡೆಯನಾದ ದೇವರನ್ನು ಮೊದಲು ಪೂಜಿಸಿ ಅನಂತರ ಕೆಲಸಕ್ಕೆ ಕೈಹಾಕುವುದು ನಮ್ಮ ಹಿರಿಯರ ಪದ್ಧತಿ. ವಿಘ್ನವನ್ನು ಕಳೆಯುವವನೂ ಅವನೇ, ಒಡ್ಡುವವನೂ ಅವನೇ ಎಂದು ಅವರು ತಿಳಿದಿದ್ದರು. ಹೀಗೆ ಒಂದು ಕಷ್ಟಕ್ಕೆ ಹೆಸರಿಟ್ಟೊಡನೆಯೇ ಅದಕ್ಕೆ ಮಾಡಬೇಕಾದ ಉಪಾಯವನ್ನೂ ನಮ್ಮ ಮಾತು ಸೂಚಿಸುತ್ತಿತ್ತು. ಬಿಡಿಸು, ಕೀಳು, ಸರಿಸು, ಬೇಡಿಕೊ ಎಂಬ ವಿಧಿಗಳು ಆ ಹೆಸರುಗಳ ಹೊಟ್ಟೆಯಲ್ಲಿಯೇ ಇದ್ದುವು.

ಇಂಗ್ಲಿಷಿನವರದೂ ಇದೇ ರೀತಿಯೇ. ಅವರ 'ಆಬ್‌ಸ್ಟಕಲ್' ಎಂಬುದು ಲ್ಯಾಟಿನ್ ಭಾಷೆಯಿಂದ ಬಂದುದು. ಎದುರಿಗೆ ನಿಂತುದು ಎಂದು ಅದರ ಅರ್ಥ. 'ಇಂಪೆಡಿಮೆಂಟ್' ಎಂಬುದರಲ್ಲಿ ಪಾದವಿದೆ. ಕಾಲಿಗೆ ತೊಡರಿಸಿದ ಬಂಧನವದು. ರೋಮನ್ ಸೈನ್ಯದ ಹಿಂದೆ ಬರುತ್ತಿದ್ದ ಗಂಟುಮೂಟೆಗಳಿಗೂ ಇದೇ ಮಾತಿನ ಬಹುವಚನವನ್ನು ಬಳಸುತ್ತಿದ್ದರಂತೆ. ಪ್ರಯಾಣದಲ್ಲಿ ಹೊರೆಯೇ ಕಾಲಿಗೆ ಸಂಕೋಲೆಯೆಂಬುದು ಸಂಸಾರದೊಡನೆ ರೈಲು ಹತ್ತಿದ ಯಾರಿಗಾದರೂ ತಿಳಿಯದ ಸಂಗತಿಯಲ್ಲ. 'ಹಿಂಡ್ರನ್ಸ್' ಎಂಬುದು ಹಿಂದಕ್ಕೆ ಹಿಡಿದೆಳೆಯುವಂತಹುದು. 'ಸ್ನ್ಯಾಗ್' ಎಂದರೆ ನೀರಿನೊಳಗೆ ಕಾಣದಂತೆ ನಿಂತು ದೋಣಿಯ ಹೊಟ್ಟೆಯನ್ನು ಸೀಳುವ ಮರದ ಮೋಟು. 'ಬ್ಯಾರಿಯರ್' ಎಂಬುದು ಅಡ್ಡಗಂಬಿ. ಒಳಗಿನವರನ್ನು ಒಳಗೂ ಹೊರಗಿನವರನ್ನು ಹೊರಗೂ ನಿಲ್ಲಿಸುವುದಕ್ಕಾಗಿ ಹಾಕಿದುದು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅದರಿಂದ ಕೆಲಸವಿದೆ.

ಈ ಬಳಗದಲ್ಲಿ ನಮ್ಮ ಹರ್ಡಲ್ಲಿನ ಸ್ಥಾನವೆಲ್ಲಿ? ಇದು ಲ್ಯಾಟಿನ್ನಿನಿಂದ ಬಂದ ಪಂಡಿತರ ಮಾತಲ್ಲ. ಹಳೆಯ ಇಂಗ್ಲಿಷಿನ ಹಳ್ಳಿಯ ಮಾತು. ಮೂಲದಲ್ಲಿ ಇದಕ್ಕೆ ಕಷ್ಟವೆಂಬ ಅರ್ಥವೇ ಇರಲಿಲ್ಲ. ಗಿಡದ ಸೀಳುಕಡ್ಡಿಗಳನ್ನು ಚಾಪೆಯಂತೆ ಹೆಣೆದು ಮಾಡಿದ ಹಗುರವಾದ ಚೌಕಟ್ಟಿಗೆ ಹರ್ಡಲ್ ಎಂದು ಹೆಸರು. ಇಂಗ್ಲೆಂಡಿನ ದಕ್ಷಿಣಭಾಗದಲ್ಲಿ, ಡಾರ್ಸೆಟ್, ವಿಲ್ಟ್‌ಷೈರ್, ಹ್ಯಾಂಪ್‌ಷೈರ್ ಮುಂತಾದ ಸೀಮೆಗಳಲ್ಲಿ, ಸೀಮೆಸುಣ್ಣದ ಬೋಳುಗುಡ್ಡಗಳಿವೆ. ಅಲ್ಲಿಯ ಕುರುಬರು ಹಗಲೆಲ್ಲ ಗುಡ್ಡದ ಮೇಲೆ ಕುರಿ ಮೇಯಿಸಿ, ಸಂಜೆಗೆ ಮಂದೆಯನ್ನು ಹೊಲಕ್ಕೆ ಇಳಿಸುತ್ತಿದ್ದರು. ಹೇಝಲ್ ಎಂಬ ಗಿಡದ ಕಡ್ಡಿಗಳಿಂದ ಹೆಣೆದ, ಸುಮಾರು 6 ಅಡಿ ಉದ್ದ, ಮೂರೂವರೆ ಅಡಿ ಎತ್ತರದ ಹರ್ಡಲ್ಲುಗಳನ್ನು ಸುತ್ತಲೂ ನಿಲ್ಲಿಸಿ ರಾತ್ರಿಗೆ ದೊಡ್ಡಿ ಕಟ್ಟುತ್ತಿದ್ದರು. ಕುರಿಯ ಗೊಬ್ಬರವು ಆ ನೆಲಕ್ಕೆ ಬೀಳುವುದು. ಮರುದಿನ ಹರ್ಡಲ್ಲುಗಳನ್ನು ಕಿತ್ತು ಹೆಗಲ ಮೇಲೆ ಹೊತ್ತು ಪಕ್ಕದ ನೆಲದಲ್ಲಿ ನೆಡುವರು. ಹೀಗೆ ಹೊಲವೆಲ್ಲ ಫಲವತ್ತಾಗುವುದು. ಜರ್ಮನ್ ಭಾಷೆಯಲ್ಲಿ ಇದರ ಸೋದರಪದವಾದ 'ಹ್ಯುರ್ಡ' ಎಂಬುದಕ್ಕೆ ಇಂದಿಗೂ ಕುರಿದೊಡ್ಡಿಯೆಂದೂ ಅಡ್ಡಿಯೆಂದೂ ಎರಡರ್ಥಗಳಿವೆ.

ಈ ವರ್ಣನೆಯನ್ನು ಓದುತ್ತಿರುವಾಗ ನಮ್ಮ ಬಯಲುಸೀಮೆಯವರಿಗೆ ಇದು ಪರದೇಶದ ಕಥೆಯೆಂದು ತೋರಲಾರದು. ಸುಗ್ಗಿ ಮುಗಿದ ಮೇಲೆ ಕುರಿಗಾರರು ಮಂದೆಗಳನ್ನು ಹೊಡೆದುಕೊಂಡು ಊರೂರು ತಿರುಗುವುದನ್ನೂ, ರೈತರು ಅವರಿಗೆ ಕಾಳನ್ನೋ ಹಣವನ್ನೋ ಕೊಟ್ಟು ತಮ್ಮ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿಕೊಳ್ಳುವುದನ್ನೂ ನಾವೆಲ್ಲ ಕಂಡಿದ್ದೇವೆ. ಅಲ್ಲಿ ಹೇಝಲ್ಲಿನ ಕಡ್ಡಿ. ಇಲ್ಲಿ ಬಿದಿರಿನ ಸೀಳು, ಮುಳ್ಳಿನ ಕೊಂಬೆ, ಈಚೆಗೆ ಬಲೆ. ಬಿದಿರನ್ನು ಸೀಳಿ ಹೆಣೆದ ಚೌಕಟ್ಟಿಗೆ ನಮ್ಮಲ್ಲಿ 'ತಟ್ಟಿ' ಎಂದೂ 'ತಡಿಕೆ' ಎಂದೂ ಹೆಸರುಂಟು. ಗುಡಿಸಲಿಗೆ ಬಾಗಿಲಾಗಿ, ಬಚ್ಚಲಿಗೆ ಮರೆಯಾಗಿ, ಕರುವಿನ ಕೊಟ್ಟಿಗೆಗೆ ಗೋಡೆಯಾಗಿ ತಡಿಕೆಯನ್ನು ಬಳಸದ ಹಳ್ಳಿಯಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟಿನಲ್ಲಿಯೂ ಈ ಮಾತು ಸೇರಿದೆ. ಆದಕಾರಣ ಹರ್ಡಲ್ಲಿಗೆ ಸರಿಯಾದ ಕನ್ನಡ ಯಾವುದೆಂದು ಯಾರಾದರೂ ಕೇಳಿದರೆ 'ತಡಿಕೆ' ಎಂದು ಸಂಕೋಚವಿಲ್ಲದೆ ಹೇಳಬಹುದು. ಇದರಲ್ಲಿ ಇನ್ನೂ ಒಂದು ಸೊಗಸಿದೆ. ತಡಿಕೆಯೂ 'ತಡೆ'ಯೂ ಒಂದೇ ಬೇರಿನ ಚಿಗುರುಗಳು. ಬಿದಿರಿನ ಹೆಣಿಗೆಯಿಂದ ಕಷ್ಟದ ಹೆಸರಿಗೆ ಹೋಗಲು ಇಂಗ್ಲಿಷ್ ಮಾತು ಶತಮಾನಗಳ ದಾರಿ ನಡೆಯಬೇಕಾಯಿತು; ನಮ್ಮಲ್ಲಿ ಅವೆರಡೂ ಮೊದಲಿನಿಂದಲೇ ಒಂದು ಮನೆಯ ಮಕ್ಕಳಾಗಿವೆ.

ಹೀಗೆ ಕುರಿಯನ್ನು ಕಾಯುತ್ತಿದ್ದ ತಡಿಕೆಯು ಮನುಷ್ಯನ ಕಾಲಿಗೆ ಅಡ್ಡಬಂದುದು ಹೇಗೆ? ಆಟದ ಮೂಲಕ. ಇಂಗ್ಲೆಂಡಿನ ವಿದ್ಯಾರ್ಥಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಹೊಲದ ತಡಿಕೆಗಳನ್ನೇ ಮೈದಾನದಲ್ಲಿ ಸಾಲಾಗಿ ನೆಟ್ಟು ಅವುಗಳ ಮೇಲೆ ಹಾರುತ್ತ ಓಡುವ ಪಂದ್ಯವನ್ನು ಏರ್ಪಡಿಸಿದರು. 1864ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ಮೊದಲ ಕ್ರೀಡಾಸ್ಪರ್ಧೆಯಲ್ಲಿ 120 ಗಜದ ತಡಿಕೆಯೋಟವೂ ಇದ್ದಿತು. 1896ರಲ್ಲಿ ಅಥೆನ್ಸಿನಲ್ಲಿ ಒಲಿಂಪಿಕ್ ಕ್ರೀಡೆಗಳು ಪುನಃ ಆರಂಭವಾದಾಗ ಈ ಓಟವೂ ಅಲ್ಲಿ ಸೇರಿತು. ಇಂದು ಪುರುಷರ 110 ಮೀಟರ್ ಓಟದಲ್ಲಿ 10 ತಡಿಕೆಗಳು. ಒಂದೊಂದರ ಎತ್ತರ 106.7 ಸೆಂಟಿಮೀಟರ್. ಇದನ್ನು ಹಳೆಯ ಲೆಕ್ಕಕ್ಕೆ ತಿರುಗಿಸಿದರೆ ಮೂರೂವರೆ ಅಡಿ. ಕುರಿದೊಡ್ಡಿಯ ತಡಿಕೆಯ ಎತ್ತರವೇ ಸರಿ. ಈ ಓಟದಿಂದಲೇ, ಇಪ್ಪತ್ತನೆಯ ಶತಮಾನದಲ್ಲಿ, ಜೀವನದ ಕಷ್ಟಕ್ಕೂ ಹರ್ಡಲ್ಲೆಂಬ ಹೆಸರು ವಾಡಿಕೆಗೆ ಬಂದಿತು. ಆದಕಾರಣ ನಾವು ಇಂದು ಈ ಮಾತನ್ನು ಆಡುವಾಗ ನಮ್ಮ ಮನಸ್ಸಿನ ಮುಂದೆ ನಿಲ್ಲಬೇಕಾದುದು ಕಾಡಿನ ಬಂಡೆಯೂ ಅಲ್ಲ, ಉಕ್ಕಿದ ಹೊಳೆಯೂ ಅಲ್ಲ. ಮೈದಾನದಲ್ಲಿ ಅಳತೆಮಾಡಿ ನಿಲ್ಲಿಸಿದ ತಡಿಕೆ.

ಈ ತಡಿಕೆಯ ಲಕ್ಷಣಗಳನ್ನು ಸ್ವಲ್ಪ ವಿವೇಚಿಸೋಣ. ಒಂದನೆಯದಾಗಿ, ಇದರ ಎತ್ತರವೂ ದೂರವೂ ಓಡುವವನಿಗೆ ಮೊದಲೇ ಗೊತ್ತು. 110 ಮೀಟರ್ ಓಟದಲ್ಲಿ ಒಂದು ತಡಿಕೆಗೂ ಇನ್ನೊಂದಕ್ಕೂ 9.14 ಮೀಟರ್ ಅಂತರ. ನುರಿತ ಓಟಗಾರನು ಅದನ್ನು ಮೂರೇ ಹೆಜ್ಜೆಗಳಲ್ಲಿ ಮುಗಿಸುವನು. ಕಣ್ಣಿಗೆ ಬಟ್ಟೆ ಕಟ್ಟಿ ಯಾರೂ ಅವನನ್ನು ಓಡಿಸುವುದಿಲ್ಲ. ಎರಡನೆಯದಾಗಿ, ಇದು ಮನುಷ್ಯನು ಬೇಕೆಂದು ನಿಲ್ಲಿಸಿದುದು. ಆದುದರಿಂದ ಮನುಷ್ಯನು ಬೇಕೆಂದಾಗ ತೆಗೆದಿಡಬಹುದಾದುದು. ಮೂರನೆಯದಾಗಿ, ತಡಿಕೆಯನ್ನು ಕೆಡವಿದವನು ಸೋತವನಲ್ಲ. ಹಿಂದೆ ಈ ವಿಷಯದಲ್ಲಿ ನಿಯಮ ಕಠಿಣವಾಗಿತ್ತು. ಮೂರು ತಡಿಕೆಗಳನ್ನು ಕೆಡವಿದವನನ್ನು ಪಂದ್ಯದಿಂದ ಹೊರಗೆ ಹಾಕುತ್ತಿದ್ದರು. 1935ರ ಸುಮಾರಿಗೆ, ತಾಗಿದರೆ ಸುಲಭವಾಗಿ ಮುಂದಕ್ಕೆ ಬೀಳುವ ಹೊಸ ಬಗೆಯ ತಡಿಕೆ ಬಂದ ಮೇಲೆ ಆ ನಿಯಮವು ಹೋಯಿತು. ಈಗಿನ ತಡಿಕೆಯು 3.6ರಿಂದ 4 ಕಿಲೋಗ್ರಾಂನಷ್ಟು ಬಲಕ್ಕೆ ಉರುಳಬೇಕೆಂದು ಕಟ್ಟಳೆಯುಂಟು. ಬೇಕೆಂದು ಕೆಡವದೆ, ಓಟದ ಭರದಲ್ಲಿ ಕಾಲು ತಾಗಿ ಬಿದ್ದರೆ ಓಟಗಾರನು ಮುಂದಕ್ಕೆ ಓಡಬಹುದು, ಗೆಲ್ಲಲೂಬಹುದು. ನಾಲ್ಕನೆಯದಾಗಿ, ಮತ್ತು ಇದೇ ಮುಖ್ಯವಾದುದು, ಎಲ್ಲರ ದಾರಿಯಲ್ಲಿಯೂ ಅಷ್ಟೇ ತಡಿಕೆಗಳು, ಅಷ್ಟೇ ಎತ್ತರದಲ್ಲಿ, ಅಷ್ಟೇ ದೂರದಲ್ಲಿ ಇರುತ್ತವೆ. ಒಬ್ಬನಿಗೆ ಹತ್ತು, ಇನ್ನೊಬ್ಬನಿಗೆ ಬಯಲು ಎಂಬುದಿಲ್ಲ.

ಇಷ್ಟು ನ್ಯಾಯವಾಗಿ ನಡೆದ ಪಂದ್ಯದಲ್ಲಿಯೂ ದಾಟಿದವರಿಗೆಲ್ಲ ಫಲ ದೊರೆಯುವುದೆಂದು ತಿಳಿಯಬಾರದು. 1984ರಲ್ಲಿ ಲಾಸ್ ಏಂಜಲೀಸಿನ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಮಹಿಳೆಯರಿಗೆ 400 ಮೀಟರ್ ತಡಿಕೆಯೋಟವನ್ನು ಇಟ್ಟರು. ಮೊರಾಕ್ಕೊ ದೇಶದ ನವಾಲ್ ಎಲ್ ಮುತವಕಿಲ್ ಗೆದ್ದರು. ಕೇರಳದ ಪಿ. ಟಿ. ಉಷಾ ಹತ್ತು ತಡಿಕೆಗಳನ್ನೂ ದಾಟಿ 55.42 ಸೆಕೆಂಡುಗಳಲ್ಲಿ ಓಟವನ್ನು ಮುಗಿಸಿದರು. ರುಮೇನಿಯದ ಓಟಗಾರ್ತಿ 55.41 ಸೆಕೆಂಡುಗಳಲ್ಲಿ. ಸೆಕೆಂಡಿನ ನೂರರಲ್ಲಿ ಒಂದು ಪಾಲಿನ ಅಂತರದಿಂದ ಕಂಚಿನ ಪದಕವು ಉಷಾ ಅವರ ಕೈತಪ್ಪಿತು. ಆ ದಿನ ನಮ್ಮ ದೇಶದ ಎಷ್ಟೋ ಮನೆಗಳಲ್ಲಿ ತಮ್ಮ ಮಗಳೇ ಸೋತಂತೆ ದುಃಖಿಸಿದರು. ಆದರೆ ಆ ಓಟವು ವ್ಯರ್ಥವಾಯಿತೆ? ಅಷ್ಟು ಬೇಗ ಓಡಿದ ಇನ್ನೊಬ್ಬ ಭಾರತೀಯ ಹೆಂಗಸು ಬಹುಕಾಲ ಹುಟ್ಟಲಿಲ್ಲ. ತಮಿಳುನಾಡಿನ ವಿದ್ಯಾ ರಾಮರಾಜ್ 2023ರ ಏಷ್ಯನ್ ಕ್ರೀಡೆಗಳಲ್ಲಿ ಸರಿಯಾಗಿ ಆ 55.42 ಸೆಕೆಂಡುಗಳನ್ನು ಮುಟ್ಟುವ ಹೊತ್ತಿಗೆ 39 ವರ್ಷಗಳು ಕಳೆದಿದ್ದುವು. ತಡಿಕೆಯನ್ನು ದಾಟುವುದು ಬೇರೆ, ಪದಕ ದೊರೆಯುವುದು ಬೇರೆ ಎಂಬುದನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಈ ಲಕ್ಷಣಗಳನ್ನು ಕೈಯಲ್ಲಿ ಹಿಡಿದು ಈಗ ಮನೆಯೊಳಕ್ಕೆ ಬರೋಣ. ನನ್ನ ಸೋದರಮಾವನ ಮೊಮ್ಮಗನೊಬ್ಬನು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಗಣಿತವೊಂದರಲ್ಲಿ ತಪ್ಪಿಹೋದನು. ಫಲಿತಾಂಶ ಬಂದ ದಿನ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಹುಡುಗನು ಕೋಣೆ ಸೇರಿ ಬಾಗಿಲು ಹಾಕಿಕೊಂಡನು. ತಂದೆ ಮಾತು ಬಿಟ್ಟನು. ತಾಯಿ ದೇವರ ಮುಂದೆ ಕುಳಿತಳು. ಬಂದವರೆಲ್ಲರೂ ಸತ್ತ ಮನೆಗೆ ಬಂದವರಂತೆ ಪಿಸುಮಾತಿನಲ್ಲಿ ವಿಚಾರಿಸಿ ಹೊರಟರು. ಅವನ ಪಾಲಿಗೆ ಗಣಿತವು ಆಕಾಶದವರೆಗೆ ಎದ್ದು ನಿಂತ ಗೋಡೆಯಾಯಿತು. ಅವನ ಶಾಲೆಯ ವ್ಯಾಯಾಮದ ಮೇಷ್ಟರು ಮಾತ್ರ ಸಂಜೆಗೆ ಬಂದು, ಬಾಗಿಲ ಹೊರಗೇ ಕುಳಿತು, ಒಳಗಿನವನಿಗೆ ಕೇಳುವಂತೆ, "ತಡಿಕೆ ಉರುಳಿತು, ಅಷ್ಟೆ. ಉರುಳಿದ್ದನ್ನು ನೋಡಲು ಹಿಂತಿರುಗಿದವನೇ ಹಿಂದೆ ಬೀಳುವುದು. ಮುಂದಿನದು ಎಷ್ಟು ಹೆಜ್ಜೆಯಲ್ಲಿದೆ, ಲೆಕ್ಕ ಹಾಕೋಣ ಬಾ" ಎಂದರು. ಪೂರಕ ಪರೀಕ್ಷೆಗೆ ಕೆಲವೇ ವಾರಗಳಿದ್ದುವು. ಯಾವ ಅಧ್ಯಾಯಕ್ಕೆ ಎಷ್ಟು ದಿನ ಎಂದು ಮೇಷ್ಟರೂ ಹುಡುಗನೂ ಗೋಡೆಯ ಮೇಲೆ ಬರೆದಿಟ್ಟರು. ಹುಡುಗನು ಆ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಇಲ್ಲಿ ಹರ್ಡಲ್ಲೆಂಬ ಮಾತು ಸರಿಯಾಗಿ ಸಂದಿತು. ಎತ್ತರ ಗೊತ್ತಿತ್ತು, ದೂರ ಗೊತ್ತಿತ್ತು, ಎಲ್ಲ ಮಕ್ಕಳಿಗೂ ಅದೇ ಪ್ರಶ್ನಪತ್ರಿಕೆ, ಒಮ್ಮೆ ಕೆಡವಿದರೂ ಓಟ ಮುಗಿದಿರಲಿಲ್ಲ. ಗೋಡೆಯೆಂದು ತಿಳಿದು ಅಳುತ್ತಿದ್ದವನಿಗೆ ಅದು ತಡಿಕೆಯೆಂದು ತೋರಿಸಿದುದೇ ಆ ಮೇಷ್ಟರು ಮಾಡಿದ ಉಪಕಾರ. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯಿದೆ. ಇಂತಹ ಸಂದರ್ಭದಲ್ಲಿ ನೆಲವನ್ನು ದೂರುವುದನ್ನು ಬಿಟ್ಟು ಕಾಲನ್ನು ಪಳಗಿಸಿಕೊಳ್ಳಬೇಕೆಂಬುದು ನಿಜ.

ಆದರೆ ನೆಲವೇ ಡೊಂಕಾಗಿದ್ದರೆ? ಈ ಪ್ರಶ್ನೆಯನ್ನು ಆ ಗಾದೆಯು ಕೇಳುವುದಿಲ್ಲ. ನಾವು ಕೇಳಲೇಬೇಕು.

ನನ್ನ ತಂಗಿಯ ಮಗಳು ಐದನೆಯ ವಯಸ್ಸಿನಲ್ಲಿ ಜ್ವರ ಬಂದು ಕಾಲಿನ ಶಕ್ತಿಯನ್ನು ಕಳೆದುಕೊಂಡವಳು, ಗಾಲಿಕುರ್ಚಿಯಲ್ಲಿ ಓಡಾಡುವಳು. ಬುದ್ಧಿ ಚುರುಕು, ಅಡುಗೆಮನೆಯ ಉಪ್ಪು, ಹುಣಿಸೆಹಣ್ಣು, ಸುಣ್ಣ, ಅರಿಶಿನಗಳನ್ನು ಸೇರಿಸಿ ಬಣ್ಣ ಬದಲಾಯಿಸುವುದನ್ನು ನೋಡುವುದೇ ಅವಳ ಬಾಲ್ಯದ ಆಟ. ರಸಾಯನಶಾಸ್ತ್ರವನ್ನು ಓದಬೇಕೆಂಬುದು ಅವಳ ಒಂದೇ ಆಸೆ. ಅಂಕಗಳು ಬಂದುವು, ಕಾಲೇಜಿನಲ್ಲಿ ಸ್ಥಳವೂ ದೊರೆಯಿತು. ಸೇರುವ ದಿನ ನಾನೂ ಜೊತೆಗೆ ಹೋಗಿದ್ದೆನು. ತರಗತಿಯೂ ಪ್ರಯೋಗಶಾಲೆಯೂ ಎರಡನೆಯ ಮಹಡಿಯಲ್ಲಿದ್ದುವು. ಮೇಲಕ್ಕೆ ಹೋಗಲು ಮೆಟ್ಟಿಲುಗಳ ಹೊರತು ಬೇರೆ ದಾರಿಯಿರಲಿಲ್ಲ. ಅಲ್ಲಿಯ ಅಧಿಕಾರಿಗಳು ಒರಟರಲ್ಲ, ಒಳ್ಳೆಯ ಮಾತಿನವರು. ಅವಳ ಅಂಕಪಟ್ಟಿಯನ್ನು ನೋಡಿ ಮೆಚ್ಚಿಕೊಂಡು, "ಇಷ್ಟು ಓದಿದವಳಿಗೆ ಇದೇನು ದೊಡ್ಡದು? ಇದೂ ಒಂದು ಹರ್ಡಲ್ಲೆಂದು ತಿಳಿದುಕೊಂಡು ದಾಟಿಬಿಡಬೇಕು ತಾಯಿ" ಎಂದರು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಅನಂತರ ಮೆಲ್ಲಗೆ ಹೇಳಿದಳು: "ಹರ್ಡಲ್ಲಾದರೆ ಎಲ್ಲರ ದಾರಿಯಲ್ಲಿಯೂ ಇರಬೇಕಲ್ಲವೆ ಸಾರ್? ನನ್ನ ದಾರಿಯಲ್ಲಿ ಮಾತ್ರ ಇದೆ."

ಅಧಿಕಾರಿಗಳಿಗೆ ಉತ್ತರ ತೋಚಲಿಲ್ಲ. ಅರ್ಜಿಗಳನ್ನು ಕೊಟ್ಟೆವು, ಓಡಾಡಿದೆವು. ಮೊದಲ ಆರು ತಿಂಗಳು ಅವಳ ತಂದೆಯೂ ಇಬ್ಬರು ಸಹಪಾಠಿಗಳೂ ಅವಳನ್ನು ಕುರ್ಚಿಯ ಸಮೇತ ಎತ್ತಿಕೊಂಡು ಮೇಲೇರುತ್ತಿದ್ದರು. ಪ್ರತಿದಿನವೂ ನಾಲ್ಕು ಜನರ ಕಣ್ಣಿನ ಮುಂದೆ ಸಾಮಾನಿನಂತೆ ಹೊರಿಸಿಕೊಂಡು ಹೋಗುವುದು ಹದಿನೆಂಟು ವರ್ಷದ ಹುಡುಗಿಗೆ ಎಂತಹ ಸಂಕಟವೆಂಬುದನ್ನು ನಾನು ಬರೆಯಬೇಕಾಗಿಲ್ಲ. ಬಳಿಕ ಪಾಠದ ಕೋಣೆಯನ್ನು ಕೆಳಕ್ಕೆ ತಂದರು. ಪ್ರಯೋಗಶಾಲೆಯು ಮಾತ್ರ ಮೇಲೆಯೇ ಉಳಿಯಿತು. ಎರಡನೆಯ ವರ್ಷಕ್ಕೆ ಅವಳು ರಸಾಯನಶಾಸ್ತ್ರವನ್ನು ಬಿಟ್ಟು ಅರ್ಥಶಾಸ್ತ್ರವನ್ನು ತೆಗೆದುಕೊಂಡಳು. ಈಗ ಒಳ್ಳೆಯ ಕೆಲಸದಲ್ಲಿದ್ದಾಳೆ. ಕಂಡವರು, "ನೋಡಿ, ಹೇಗೆ ಎಲ್ಲವನ್ನೂ ದಾಟಿಬಂದಳು" ಎಂದು ಹೊಗಳುವರು. ಅವಳು ನಗುವಳು. ಅವಳ ಪುಸ್ತಕದ ಕಪಾಟಿನ ಕೆಳಗಿನ ಸಾಲಿನಲ್ಲಿ ಮೊದಲ ವರ್ಷದ ರಸಾಯನಶಾಸ್ತ್ರದ ಪುಸ್ತಕಗಳು ಇನ್ನೂ ಇವೆ. ಅವನ್ನು ಯಾರಿಗೂ ಕೊಟ್ಟಿಲ್ಲ.

ಆ ಮೆಟ್ಟಿಲು ತಡಿಕೆಯಾಗಿರಲಿಲ್ಲ. ತಡಿಕೆಗೆ ಇರಬೇಕಾದ ಲಕ್ಷಣಗಳಲ್ಲಿ ಸಮಾನತೆಯೆಂಬುದು ಅದಕ್ಕೆ ಇರಲಿಲ್ಲ. ಅದು ಇಂಗ್ಲಿಷಿನವರು ಬ್ಯಾರಿಯರ್ ಎನ್ನುವ ಅಡ್ಡಗಂಬಿ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯನ್ನು ಬರೆದವರು ಈ ಭೇದವನ್ನು ಅರಿತವರೆಂದು ತೋರುತ್ತದೆ. ಅವರು ಅಲ್ಲಿ ಹರ್ಡಲ್ಲೆಂಬ ಮಾತಿಗೆ ಬದಲಾಗಿ ಬ್ಯಾರಿಯರ್ ಎಂಬುದನ್ನೇ ಆರಿಸಿಕೊಂಡು, ಅದಕ್ಕೆ ಅರ್ಥವಿವರಣೆಯನ್ನೂ ಕೊಟ್ಟಿದ್ದಾರೆ. ಕಟ್ಟಡದ ರಚನೆ ಮಾತ್ರವೇ ಅಲ್ಲ. ಮಾತುಕತೆಯ ರೀತಿ, ಆಚಾರ, ಹಣಕಾಸು, ಸಂಸ್ಥೆಗಳ ಕ್ರಮ, ಜನರ ಮನೋಭಾವ ಇವುಗಳಲ್ಲಿ ಯಾವುದು ಅಂಗವಿಕಲರು ಸಮಾಜದಲ್ಲಿ ಪೂರ್ಣವಾಗಿ ಪಾಲುಗೊಳ್ಳುವುದಕ್ಕೆ ಅಡ್ಡಬರುವುದೋ ಅದೆಲ್ಲವೂ ಬ್ಯಾರಿಯರ್ ಎಂದು ಆ ವಿವರಣೆಯ ತಾತ್ಪರ್ಯ. ಹರ್ಡಲ್ಲೆಂದರೆ ದಾಟಬೇಕಾದ ಹೊಣೆ ಓಡುವವನ ಮೇಲೆ ಬೀಳುವುದು. ಬ್ಯಾರಿಯರ್ ಎಂದರೆ ತೆಗೆಯಬೇಕಾದ ಹೊಣೆ ಹಾಕಿದವರ ಮೇಲೆ ಬೀಳುವುದು. ಎರಡು ಮಾತುಗಳ ನಡುವಿನ ವ್ಯತ್ಯಾಸವೆಂದರೆ ಇಷ್ಟೇ. ಆದರೆ ಈ ಇಷ್ಟರಲ್ಲಿಯೇ ಒಬ್ಬ ಹುಡುಗಿಯ ವಿದ್ಯಾಭ್ಯಾಸವು ಅತ್ತಲಿಂದಿತ್ತ ತಿರುಗಿಹೋಯಿತು.

ಆದುದರಿಂದ ಗೃಹಸ್ಥರಾದ ನಾವು ಈ ಮಾತನ್ನು ಬಳಸಬಾರದೆಂದು ನಾನು ಹೇಳುವುದಿಲ್ಲ. ಬಳಸುವುದಕ್ಕೆ ಮೊದಲು ಒಂದೆರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದರ ಎತ್ತರವು ಗೊತ್ತಿದೆಯೆ? ಇದು ಎಲ್ಲರಿಗೂ ಇದೆಯೆ, ಇವನಿಗೊಬ್ಬನಿಗೇ ಇದೆಯೆ? ಒಮ್ಮೆ ಕೆಡವಿದರೆ ಮುಂದಕ್ಕೆ ಓಡಲು ಬಿಡುವೆವೆ? ಇದನ್ನು ನಿಲ್ಲಿಸಿದವರು ಯಾರು, ಒಂದು ವೇಳೆ ನಾವೇ ಅಲ್ಲವಷ್ಟೆ? ಈ ಕೊನೆಯ ಪ್ರಶ್ನೆಯು ಕಹಿಯಾದುದು. ಮದುವೆಯಾದ ಮೇಲೆ ಓದನ್ನು ಮುಂದುವರಿಸಬೇಕೆನ್ನುವ ಸೊಸೆಗೆ, "ಮನೆಗೆಲಸವೆಲ್ಲ ಮುಗಿಸಿ ಓದಿಕೊಳ್ಳಲಿ, ಹರ್ಡಲ್ಲುಗಳಿಲ್ಲದೆ ಯಾರು ಮೇಲೆ ಬಂದಿದ್ದಾರೆ?" ಎನ್ನುವ ಹಿರಿಯರನ್ನು ನಾನು ಬಲ್ಲೆ. ಅದೇ ಮನೆಯ ಮಗನು ಪರೀಕ್ಷೆಗೆ ಕುಳಿತಾಗ ಅವನ ಕೋಣೆಯ ಮುಂದೆ ಯಾರೂ ಗಟ್ಟಿಯಾಗಿ ಕೆಮ್ಮಕೂಡದು, ಹೊತ್ತಿಗೆ ಸರಿಯಾಗಿ ಹಾಲು ಹೋಗಬೇಕು. ಒಂದೇ ಮೈದಾನದಲ್ಲಿ ಒಂದು ದಾರಿಗೆ ಹತ್ತು ತಡಿಕೆ, ಪಕ್ಕದ ದಾರಿಗೆ ರತ್ನಗಂಬಳಿ! ಇದನ್ನು ಪಂದ್ಯವೆನ್ನಲಾದೀತೆ?

ಮಾಗದ ರೋಗದಿಂದ ನರಳುವವರಿಗೂ, ಹೆತ್ತ ಮಗುವನ್ನು ಕಳೆದುಕೊಂಡವರಿಗೂ ಈ ಮಾತನ್ನು ಹೇಳಬಾರದು. ಅವರ ಮುಂದಿರುವುದು ದಾಟುವ ವಸ್ತುವೇ ಅಲ್ಲ. ಅಂತಹವರಿಗೆ ನಮ್ಮ ಕನ್ನಡದ ತಡೆಯ ಬಳಗದಲ್ಲಿ ಇನ್ನೊಂದು ಮಾತಿದೆ. ಅದು 'ತಡೆದುಕೊಳ್ಳುವುದು' ಎಂಬುದು. ದಾರಿಗೆ ಅಡ್ಡಬಂದುದೂ ತಡೆ. ಬಂದ ನೋವನ್ನು ಮೈಯೊಡ್ಡಿ ಸಹಿಸುವುದೂ ತಡೆಯುವುದೇ. ಹಾರಲಾರದವರಿಗೂ ನಮ್ಮ ಭಾಷೆಯು ಒಂದು ಮರ್ಯಾದೆಯನ್ನು ಇಟ್ಟಿದೆ. ಅಂತಹವರ ಪಕ್ಕದಲ್ಲಿ ಸುಮ್ಮನೆ ಕುಳಿತು ಅವರ ನೋವಿಗೆ ನಾವೂ ಒಂದು ಕೈ ಕೊಡುವುದೇ ಸರಿಯಾದ ಉಪಚಾರ, ಹಾರೆಂದು ಹುರಿದುಂಬಿಸುವುದಲ್ಲ.

ತಡಿಕೆಯನ್ನು ಹೆಣೆದ ಕುರುಬನು ಅದನ್ನು ಯಾರನ್ನೂ ಬೀಳಿಸುವುದಕ್ಕಾಗಿ ಹೆಣೆಯಲಿಲ್ಲ. ಇರುಳಿನಲ್ಲಿ ತೋಳ ಬಾರದಿರಲಿ, ಮರಿಗಳು ಚದುರದಿರಲಿ ಎಂದು ಹೆಣೆದನು. ಬೆಳಗಾದೊಡನೆ ಅವನು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಅದನ್ನು ಕಿತ್ತು, ಮಂದೆಗೆ ದಾರಿ ಬಿಡುವುದು. ನಮ್ಮ ಮನೆಗಳಲ್ಲಿಯೂ ಮಕ್ಕಳನ್ನು ಕಾಯುವುದಕ್ಕೆಂದು ನಮ್ಮ ಹಿರಿಯರು ನಿಲ್ಲಿಸಿದ ತಡಿಕೆಗಳು ಅನೇಕವಿವೆ. ಕೆಲವನ್ನು ನಾವೂ ನಿಲ್ಲಿಸಿದ್ದೇವೆ. ಅವುಗಳಲ್ಲಿ ಯಾವುದಕ್ಕೆ ಇನ್ನೂ ಇರುಳಿದೆ, ಯಾವುದಕ್ಕೆ ಬೆಳಗಾಗಿದೆ ಎಂಬುದನ್ನು ಆಗಾಗ ಹೊರಗೆ ಬಂದು ನೋಡುತ್ತಿರಬೇಕಾದುದು ಮನೆಯ ಹಿರಿಯರ ಕರ್ತವ್ಯ.